ಪುಟ್ಟಮಾದಮ್ಮನ ಅಚ್ಚಿನ ಮಣೆ

ಬೆಲ್ಲ ತಿನ್ನುವವರಿಗೆ ಅದರ ಸಿಹಿ ಮಾತ್ರ ಗೊತ್ತು. ಅಚ್ಚಿನಿಂದ ಬಿಡಿಸುವ ಕಷ್ಟವನ್ನು ಆಲೆಮನೆಯವರನ್ನೇ ಕೇಳಬೇಕು. ಮಂಡ್ಯದ ಪಕ್ಕದ ಹೊಳಲಿನ ಕಡೆ ಯಾವ ಆಲೆಮನೆಗೆ ಹೋದರೂ ಅದೇ ಪಾಡು. ಪಾಕ ಹದಕ್ಕೆ ಬಂದ ಮೇಲೆ ಸಾಲಾಗಿ ಗುಂಡಿ ಕೊರೆದ ಮರದ ಮಣೆಗೆ ತುಂಬುತ್ತಾರೆ. ಆರಿದ ಮೇಲೆ ಮಣೆಯನ್ನು ಬೋರಲು ಹಾಕಿ ಕುಟ್ಟುತ್ತಾರೆ. ನಾಲ್ಕು ಅಚ್ಚು ಚೆನ್ನಾಗಿ ಬೀಳುತ್ತವೆ, ಐದನೆಯದರ ಮೂಲೆ ಮುರಿಯುತ್ತದೆ, ಆರನೆಯದು ಏನು ಮಾಡಿದರೂ ಬರುವುದಿಲ್ಲ. ಮುರಿದ ಬೆಲ್ಲಕ್ಕೆ ಮಂಡ್ಯದ ಮಂಡಿಯಲ್ಲಿ ಯಾರೂ ಒಳ್ಳೆಯ ಬೆಲೆ ಕಟ್ಟುವುದಿಲ್ಲ.

ಸಿದ್ದರಾಜುವಿನ ಆಲೆಮನೆಯಲ್ಲಿ ಈ ಕುಟ್ಟುವ ಕೆಲಸ ಅವನ ಹೆಂಡತಿ ಪುಟ್ಟಮಾದಮ್ಮನದು. ಹದಿನೆಂಟು ವರ್ಷ ಕುಟ್ಟಿ ಕುಟ್ಟಿ ಆಕೆಯ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಒಂದು ದಿನ ಆಕೆಗೆ ಬೇಸರ ಬಂತು. ಬೇಸರ ಬಂದರೆ ನಾವು ನೀವು ಗೊಣಗುತ್ತೇವೆ. ಆಕೆ ಬಡಗಿ ನಾಗರಾಜುವಿನ ಬಳಿಗೆ ಹೋಗಿ, ಮಣೆಯನ್ನು ಉದ್ದಕ್ಕೆ ಎರಡು ಹೋಳು ಮಾಡಿಕೊಡು ಎಂದಳು.

ಆಕೆಯ ಉಪಾಯ ಇದು. ಗುಂಡಿಗಳ ನಡುಮಧ್ಯಕ್ಕೇ ಮಣೆ ಎರಡಾಗಬೇಕು. ಒಂದು ಹೋಳಿನ ಅಂಚು ಇನ್ನೊಂದರ ಕೊರಕಲಿಗೆ ಬಿಗಿಯಾಗಿ ಕೂರಬೇಕು. ತುದಿಯಲ್ಲಿ ಒಂದು ಬೆಣೆ. ಬೆಣೆ ಎಳೆದರೆ ಹನ್ನೆರಡು ಗುಂಡಿಯೂ ಒಟ್ಟಿಗೆ ಬಾಯಿ ಬಿಡಬೇಕು. ಮೊದಲ ಮಣೆ ಸಂದಿಯಲ್ಲಿ ಸೋರಿ ಬಿಸಿ ಪಾಕ ಕಾಲ ಮೇಲೆ ಬಿತ್ತು. ಎರಡನೆಯದೂ ಮೂರನೆಯದೂ ಒಲೆಗೆ ಸೌದೆಯಾದವು. ಹಿತ್ತಲಲ್ಲಿ ಪುಟ್ಟ ಬಾಣಲೆ ಇಟ್ಟುಕೊಂಡು ಪ್ರಯತ್ನಿಸುತ್ತಿದ್ದುದರಿಂದ ಊರಿಗೆ ಗೊತ್ತಾಗಲಿಲ್ಲ. ನಾಲ್ಕನೆಯ ಮಣೆಯ ಬೆಣೆ ಎಳೆದಾಗ ಹನ್ನೆರಡು ಅಚ್ಚೂ ಒಂದು ಮೂಲೆ ಮುರಿಯದೆ ಎದ್ದು ಬಂದವು. ಪುಟ್ಟಮಾದಮ್ಮ ಅಲ್ಲೇ ಕುಳಿತು ಅತ್ತುಬಿಟ್ಟಳು.

ಸಿದ್ದರಾಜುವಿನ ಖುಷಿ ಬೇರೆ ಥರ. ಅವನು ಗಾಡಿ ಹತ್ತಿ ಸುತ್ತಲಿನ ಆಲೆಮನೆಯವರಿಗೆಲ್ಲ ಶುಕ್ರವಾರ ಬನ್ನಿ, ಒಂದು ಹೊಸ ಮಣೆ ತೋರಿಸುತ್ತೇನೆ ಎಂದು ಹೇಳಿ ಬಂದ. ಕಬ್ಬು ಅರೆಯುವ ಯಂತ್ರದ ಬೆಲ್ಟು ತರಲು ಮದ್ದೂರಿಗೆ ಹೋದವನು ಅಲ್ಲಿ ವರ್ಕ್‌ಶಾಪ್ ಇಟ್ಟಿರುವ ಸ್ವಾಮಿಯವರನ್ನೂ ಕರೆದ. ಒಂದು ಅಚ್ಚೂ ಮುರಿಯುವುದಿಲ್ಲ ಎಂದನೇ ಹೊರತು ಮಣೆಯ ಒಳಗುಟ್ಟು ಹೇಳಲಿಲ್ಲ. ಅದು ಜಾಣತನವಲ್ಲ, ಅವನಿಗೆ ವಿವರಿಸಲು ಬರುತ್ತಿರಲಿಲ್ಲ ಅಷ್ಟೇ.

ಇದರಲ್ಲಿ ತಪ್ಪೇನು ಅಂತೀರಾ? ನಮ್ಮ ಕಡೆ ಆಲೆಮನೆಗೆ ಬಾಗಿಲೇ ಇಲ್ಲ. ದಾರಿಹೋಕ ಬಂದರೂ ಒಂದು ಚೊಂಬು ಕಬ್ಬಿನ ಹಾಲು, ಕೈಮೇಲೆ ಒಂದಿಷ್ಟು ಬಿಸಿ ಬೆಲ್ಲ ಕೊಡದೆ ಕಳಿಸುವುದಿಲ್ಲ. ಅಲ್ಲಿ ಕಂಡ ಕೆಲಸವನ್ನು ಯಾರು ಬೇಕಾದರೂ ಕಲಿಯಬಹುದು. ಒಳ್ಳೆಯ ಪದ್ಧತಿ. ಆದರೆ ಈ ಒಳ್ಳೆಯ ಪದ್ಧತಿಯಿಂದಲೇ ಪುಟ್ಟಮಾದಮ್ಮನ ಮಣೆ ಕೈತಪ್ಪಿ ಹೋಗುವುದರಲ್ಲಿತ್ತು.

ಸೋಮವಾರ ಪುಟ್ಟಮಾದಮ್ಮನ ತಂಗಿಯ ಮಗಳು ನಾಗಶ್ರೀ ಬಂದಳು. ಆಕೆ ಮಂಡ್ಯದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಪಾಠ ಮಾಡುತ್ತಾಳೆ. ಮಣೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದನ್ನು ಬೇರೆ ಯಾರು ನೋಡಿದ್ದಾರೆ ಎಂದು ಕೇಳಿದಳು. ಬಡಗಿ ಬಿಟ್ಟರೆ ಯಾರೂ ಇಲ್ಲ, ಆದರೆ ಶುಕ್ರವಾರ ಎಲ್ಲರೂ ನೋಡುತ್ತಾರೆ ಎಂದ ಸಿದ್ದರಾಜು. ನಾಗಶ್ರೀಯ ಮುಖ ಗಂಭೀರವಾಯಿತು. ಇದಕ್ಕೆ ಪೇಟೆಂಟ್ ಅರ್ಜಿ ಹಾಕುವವರೆಗೆ ಯಾರಿಗೂ ತೋರಿಸಬೇಡಿ, ಮೊಬೈಲಿನಲ್ಲಿ ವಿಡಿಯೋ ಕೂಡ ಬೇಡ ಎಂದಳು. ಹೊಸದೊಂದು ಸಾಧನವನ್ನು ಕಂಡುಹಿಡಿದವರಿಗೆ ಅದರ ಮೇಲೆ ಸರ್ಕಾರ ಕೊಡುವ ಹಕ್ಕೇ ಪೇಟೆಂಟ್. ಅರ್ಜಿ ಹಾಕಿದ ದಿನದಿಂದ ಇಪ್ಪತ್ತು ವರ್ಷ. ಆದರೆ ಅರ್ಜಿಗೆ ಮೊದಲೇ ನಾಲ್ಕು ಜನರ ಮುಂದೆ ಬಿಚ್ಚಿ ತೋರಿಸಿದರೆ ಅದು ಹೊಸದಲ್ಲ ಎಂದಾಗಿ, ಹಕ್ಕು ಕೈಬಿಟ್ಟು ಹೋಗಬಹುದು.

ಸಿದ್ದರಾಜುವಿಗೆ ಸಿಟ್ಟು ಬಂತು.

"ನಮ್ಮಪ್ಪ ಈ ಆಲೆಮನೆಲಿ ಯಾವತ್ತೂ ಏನೂ ಬಚ್ಚಿಟ್ಟೋನಲ್ಲ ಕಣವ್ವ. ಈಗ ನಾನು ಮಣೆ ಮುಚ್ಚಿಕ್ಕಂಡು ಕೂತ್ರೆ ಜನ ಏನಂದಾರು? ಕಬ್ಬಿನಾಲಿಗೆ ಕಾಸು ಕೇಳ್ದಂಗಾಯ್ತದೆ."

"ಬಚ್ಚಿಡು ಅಂತಿಲ್ಲ ದೊಡ್ಡಪ್ಪ. ಮೊದ್ಲು ಅರ್ಜಿ, ಆಮೇಲೆ ತೋರ್ಸು ಅಂತಿವ್ನಿ."

ಅವನು ಕೇಳಲಿಲ್ಲ. ಓದಿದವರದು ಯಾವಾಗಲೂ ಇದೇ ಎಂದು ಎದ್ದು ಹೋದ. ಪುಟ್ಟಮಾದಮ್ಮ ಮಣೆಯ ಮೇಲೆ ಒಂದು ಗೋಣಿಚೀಲ ಹೊದಿಸಿ ಅಟ್ಟಕ್ಕೆ ಹಾಕಿದಳು.

ಮಂಗಳವಾರ ಸಿದ್ದರಾಜು ಮನೆಯಲ್ಲಿಲ್ಲದಾಗ ಸ್ವಾಮಿಯವರೇ ಕಾರಿನಲ್ಲಿ ಬಂದರು. ಶುಕ್ರವಾರದವರೆಗೆ ಕಾಯುವ ತಾಳ್ಮೆ ಅವರಿಗಿರಲಿಲ್ಲ. ಮಣೆ ತೋರಿಸಿ ಎಂದರು. ಪುಟ್ಟಮಾದಮ್ಮ ಅದು ಬಡಗಿ ಮನೆಯಲ್ಲಿದೆ ಎಂದು ಒಂದು ಸುಳ್ಳು ಹೇಳಿದಳು. ನಾನು ಆ ಸುಳ್ಳನ್ನು ಮಾಫಿ ಮಾಡಿದ್ದೇನೆ. ಸ್ವಾಮಿಯವರು ಒಂದು ಛಾಪಾ ಕಾಗದ ಕೊಟ್ಟು, ಸಿದ್ದರಾಜು ಸಹಿ ಹಾಕಿದರೆ ಇಪ್ಪತ್ತೈದು ಸಾವಿರ ಒಂದೇ ಕಂತಿನಲ್ಲಿ ಕೊಡುತ್ತೇನೆ, ಗುರುವಾರ ಬರುತ್ತೇನೆ ಎಂದು ಹೋದರು. ಅವರು ಕೆಟ್ಟವರಲ್ಲ, ವ್ಯಾಪಾರಸ್ಥರು. ವ್ಯಾಪಾರಸ್ಥರು ತಮ್ಮ ಲಾಭ ನೋಡಿಕೊಳ್ಳುತ್ತಾರೆ, ನಮ್ಮ ಲಾಭ ನಾವು ನೋಡಿಕೊಳ್ಳಬೇಕು.

ಬುಧವಾರ ಸಂಜೆ ಪುಟ್ಟಮಾದಮ್ಮನೇ ಫೋನ್ ಮಾಡಿ ನಾಗಶ್ರೀಯನ್ನು ಕರೆಸಿದಳು. ನಾಗಶ್ರೀ ಆ ಕಾಗದವನ್ನು ಜೋರಾಗಿ ಓದಿದಳು. ಮಣೆಯ ಮೇಲಿನ ಎಲ್ಲ ಹಕ್ಕೂ ವರ್ಕ್‌ಶಾಪಿಗೆ ಸೇರುತ್ತದೆ ಎಂದಿತ್ತು. ಅದರ ಕೆಳಗೆ, ಇನ್ನು ಮುಂದೆ ಬೇರೆ ಯಾರೂ, ಮಾರಿದ ಕುಟುಂಬದವರೂ ಸೇರಿ, ಇಂಥ ಮಣೆ ಮಾಡಿಸುವಂತಿಲ್ಲ ಎಂದಿತ್ತು. ಸಿದ್ದರಾಜು ಇನ್ನೊಮ್ಮೆ ಓದಿಸಿದ.

"ಅಂದ್ರೆ ನಾಳೆ ನಮ್ ಮಣೆ ಮುರುದ್ರೆ ನಾವೇ ಇನ್ನೊಂದು ಮಾಡಿಸ್ಕಳಂಗಿಲ್ವಾ?"

"ಊಂ, ದೊಡ್ಡಪ್ಪ. ನೀನು ಬಾಗ್ಲು ಇಕ್ದೆ ವೋದ್ರೆ ಇನ್ನೊಬ್ರು ಬಂದು ಇಕ್ತಾರೆ. ಆಗ ನೀನೂ ವೊರಗೇ ನಿಂತ್ಕಬೇಕು."

ನಾಗಶ್ರೀ ನಿಧಾನವಾಗಿ ಬಿಡಿಸಿ ಹೇಳಿದಳು. ಪೇಟೆಂಟ್ ಎಂದರೆ ಗುಟ್ಟು ಮಾಡುವುದಲ್ಲ. ಮಣೆಯನ್ನು ಹೇಗೆ ಮಾಡಬೇಕೆಂದು ಅರ್ಜಿಯಲ್ಲಿ ಚಿತ್ರ ಸಮೇತ ಬರೆಯಬೇಕು, ಮುಂದೆ ಅದು ಪ್ರಕಟವಾಗುತ್ತದೆ, ಯಾರು ಬೇಕಾದರೂ ಓದಬಹುದು. ವಿದ್ಯೆ ಎಲ್ಲರಿಗೂ ತಿಳಿಯುತ್ತದೆ. ಮಾಡಿ ಮಾರುವ ಅನುಮತಿಯನ್ನು ಮಾತ್ರ ಕಂಡುಹಿಡಿದವರು ಕೊಡಬೇಕು. ಆ ಅನುಮತಿಯೇ ಲೈಸೆನ್ಸ್. ಅದಕ್ಕೆ ಸಿಗುವ ಪಾಲು ರಾಯಧನ. ಗದ್ದೆ ಮಾರಿದರೆ ಗದ್ದೆ ಹೋಯಿತು. ವಾರಕ್ಕೆ, ಅಂದರೆ ಪಾಲಿಗೆ ಉಳಲು, ಕೊಟ್ಟರೆ ಗದ್ದೆಯೂ ನಮ್ಮದೇ, ಬೆಳೆಯಲ್ಲಿ ಪಾಲೂ ಬರುತ್ತದೆ. ಲೈಸೆನ್ಸ್ ಎಂದರೆ ವಾರಕ್ಕೆ ಕೊಟ್ಟಂತೆ. ಈ ಮಾತು ಸಿದ್ದರಾಜುವಿನ ತಲೆಗೆ ನೇರ ಹೋಯಿತು, ಮಂಡ್ಯದವನಿಗೆ ಗದ್ದೆಯ ಲೆಕ್ಕ ಯಾರೂ ಕಲಿಸಬೇಕಾಗಿಲ್ಲ.

ಗುರುವಾರ ಮೂವರೂ ನಾಗಶ್ರೀಯ ಕಾಲೇಜಿಗೆ ಹೋದರು. ಇಂಥ ಮಣೆ ಬೇರೆಲ್ಲಾದರೂ ಇದೆಯೇ ಎಂದು ಅವಳು ಎರಡು ದಿನದಿಂದ ಕಂಪ್ಯೂಟರಿನಲ್ಲಿ ಹುಡುಕಿದ್ದಳು, ಸಿಕ್ಕಿರಲಿಲ್ಲ. ಮೊದಲಿಗೆ ತಾತ್ಕಾಲಿಕ ಅರ್ಜಿ ಹಾಕಿದರೆ ಸಾಕು, ಪೂರ್ಣ ವಿವರ ಕೊಡಲು ಹನ್ನೆರಡು ತಿಂಗಳು ಸಮಯವಿದೆ ಎಂದಳು. ಕಂಪನಿಗಳಿಗಿಂತ ಸಾಮಾನ್ಯ ಜನರಿಗೆ ಶುಲ್ಕ ಕಡಿಮೆ. ಅರ್ಜಿ ಹಾಕಿದವರಿಗೆಲ್ಲ ಪೇಟೆಂಟ್ ಸಿಕ್ಕೇ ಸಿಗುತ್ತದೆ ಎಂದೇನಿಲ್ಲ, ಪರೀಕ್ಷೆ ಮಾಡಿ ಕೊಡುತ್ತಾರೆ, ಅದಕ್ಕೆ ವರ್ಷಗಳು ಹಿಡಿಯಬಹುದು ಎಂಬುದನ್ನೂ ಮುಚ್ಚಿಡಲಿಲ್ಲ.

ಅರ್ಜಿಯಲ್ಲಿ ಕಂಡುಹಿಡಿದವರ ಹೆಸರು ಎಂಬಲ್ಲಿಗೆ ಬಂದಾಗ ಸಿದ್ದರಾಜು ಅಭ್ಯಾಸದಂತೆ ತನ್ನ ಹೆಸರು, ತಂದೆಯ ಹೆಸರು ಹೇಳಿದ. ಪಹಣಿ, ಕರೆಂಟು ಬಿಲ್ಲು, ಆಲೆಮನೆ ಎಲ್ಲ ಅವನ ಹೆಸರಿನಲ್ಲೇ ಇತ್ತು. ನಾಗಶ್ರೀ ಟೈಪ್ ಮಾಡಲಿಲ್ಲ. ಇಲ್ಲಿ ಮನೆಯ ಯಜಮಾನರು ಯಾರು ಎಂದು ಕೇಳಿಲ್ಲ, ಉಪಾಯ ಯಾರಿಗೆ ಹೊಳೆಯಿತು ಎಂದು ಕೇಳಿದ್ದಾರೆ, ಸುಳ್ಳು ಬರೆದರೆ ಮುಂದೆ ಅರ್ಜಿಗೇ ಕುತ್ತು ಎಂದಳು. ಸಿದ್ದರಾಜು ಹೆಂಡತಿಯ ಕಡೆ ನೋಡಿದ. ಆಕೆ ಊದಿದ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದಳು.

"ಅವಳೆಸ್ರು ಬರಿ ಮಗಾ," ಎಂದ. "ಪುಟ್ಟಮಾದಮ್ಮ ಅಂತ. ನಂಗೆ ಅವಳ ಕೈಲಿ ಕುಟ್ಸೋದೊಂದೇ ಗೊತ್ತಿದ್ದಿದ್ದು."

ಅವತ್ತೇ ಕಂಪ್ಯೂಟರಿನಲ್ಲಿ ಅರ್ಜಿ ಹೋಗಿ, ಅದರ ಸಂಖ್ಯೆಯೂ ಬಂತು. ಶುಕ್ರವಾರ ಜನರೂ ಬಂದರು. ಕಬ್ಬಿನ ಹಾಲು ಕುಡಿದರು, ಬಿಸಿ ಬೆಲ್ಲ ತಿಂದರು, ಪುಟ್ಟಮಾದಮ್ಮ ಎಲ್ಲರ ಮುಂದೆ ಬೆಣೆ ಎಳೆದು ತೋರಿಸಿದಳು. ಯಾರಿಂದಲೂ ಏನೂ ಮುಚ್ಚಿಡಲಿಲ್ಲ. ಅರ್ಜಿ ಹಾಕಿದ್ದೇವೆ ಎಂಬುದನ್ನೂ ಸಿದ್ದರಾಜು ಅಷ್ಟೇ ಜೋರಾಗಿ ಹೇಳಿದ.

ಹಿಂದಿನ ದಿನ ಬೀಗ ನೋಡಿ ವಾಪಸಾಗಿದ್ದ ಸ್ವಾಮಿಯವರು ಜನರ ಹಿಂದೆ ನಿಂತು ನೋಡಿದರು. ಸ್ವಲ್ಪ ಮುನಿಸಿಕೊಂಡೇ ಹೋದರು. ಮಾಲು ಒಳ್ಳೆಯದಾದರೆ ವ್ಯಾಪಾರಸ್ಥರ ಮುನಿಸು ಎಷ್ಟು ದಿನ? ಹದಿನೈದು ದಿನಕ್ಕೆ ಹೊಸ ಕಾಗದ ತಂದರು. ಮಾರಾಟವಲ್ಲ, ಮೂರು ವರ್ಷದ ಲೈಸೆನ್ಸ್. ಅರ್ಜಿ ಇನ್ನೂ ಬಾಕಿ ಇದೆ ಎಂದೂ ಅದರಲ್ಲಿ ಬರೆದಿತ್ತು. ಮಾರಿದ ಪ್ರತಿ ಮಣೆಗೆ ಅರವತ್ತು ರೂಪಾಯಿ, ಎಷ್ಟು ಮಾರಿದರೆಂಬ ಪುಸ್ತಕವನ್ನು ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಸ್ವಾಮಿಯವರು ರೂಢಿಯಂತೆ ಕಾಗದವನ್ನು ಸಿದ್ದರಾಜುವಿನ ಮುಂದಿಟ್ಟರು. ಅವನು ಅದನ್ನು ಹೆಂಡತಿಯ ಕಡೆಗೆ ಸರಿಸಿದ.

ಪುಟ್ಟಮಾದಮ್ಮ ಏಳನೇ ಕ್ಲಾಸು ಓದಿದವಳು. ಅಕ್ಷರ ಅಕ್ಷರ ಕೂಡಿಸಿ ನಾಲ್ಕೂ ಪುಟ ಓದಿದಳು. ತಂದಿಟ್ಟ ಕಾಫಿ ತಣ್ಣಗಾಯಿತು. ಸ್ವಾಮಿಯವರು ಎರಡು ಸಲ ಗಡಿಯಾರ ನೋಡಿದರು. ಕೊನೆಗೆ ಆಕೆ ತಲೆ ಎತ್ತಿದಳು.

"ಒಂದು ಮಾತು ಸೇರುಸ್ಬೇಕು ಸ್ವಾಮಣ್ಣ. ಆಲೆಮನೆ ಮಡಗಿರೋರು ತಮ್ ಕೆಲ್ಸಕ್ಕೆ ತಾವೇ ಮಣೆ ಮಾಡಿಸ್ಕಂಡ್ರೆ ನಾನೂ ದುಡ್ಡು ಕೇಳಕಿಲ್ಲ, ನೀವೂ ಅವ್ರ ತಂಟೆಗೋಗಂಗಿಲ್ಲ. ಮಾರೋರು ಮಾತ್ರ ನನ್ನ ಕೇಳ್ಬೇಕು. ಅದ ಬರುದ್ರೆ ಸೈನ್ ಆಕ್ತೀನಿ."

ಸ್ವಾಮಿಯವರು ಬರೆದರು. ಆಕೆ ಸಹಿ ಹಾಕಿದಳು. ಸಿದ್ದರಾಜು ಎದ್ದು ಹಿತ್ತಲಿಗೆ ಹೋದ, ಕಣ್ಣಿಗೆ ಹೊಗೆ ಬಡಿಯಿತು ಎಂದ. ಅವತ್ತು ಒಲೆ ಹಚ್ಚಿರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಹೊಲದಲ್ಲಿ, ಅಡುಗೆಮನೆಯಲ್ಲಿ, ರೇಷ್ಮೆ ಮನೆಯಲ್ಲಿ ಕಷ್ಟಪಟ್ಟು ನೀವೊಂದು ಹೊಸ ಸಾಧನ ಮಾಡಿಕೊಂಡಿದ್ದೀರಾ? ಹಾಗಾದರೆ ಅದನ್ನು ನಾಲ್ಕು ಜನಕ್ಕೆ ತೋರಿಸುವ ಮುಂಚೆ ಹತ್ತಿರದ ಎಂಜಿನಿಯರಿಂಗ್ ಕಾಲೇಜಿಗೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ, ಇದಕ್ಕೆ ಪೇಟೆಂಟ್ ಅರ್ಜಿ ಹಾಕಬಹುದೇ, ಎಲ್ಲಿ ಹಾಕಬೇಕು ಎಂದು ಕೇಳಿ. ಯಾರು ಕಂಡುಹಿಡಿದರೋ ಅವರ ಹೆಸರನ್ನೇ ಬರೆಸಿ. ಯಾರಾದರೂ ಕಾಗದ ತಂದರೆ ಅದು ಮಾರಾಟವೋ ಲೈಸೆನ್ಸೋ ನೋಡಿ, ಪೂರ್ತಿ ಓದದೆ ಸಹಿ ಹಾಕಬೇಡಿ. ಓದುವುದು ತಡವಾದರೆ ಆಗಲಿ. ಕಾಗದ ತಂದವರು ಕಾಯುತ್ತಾರೆ.