ಸಲೂನಿನ ಕನ್ನಡಿಯಲ್ಲಿ ಸಿಗುವ ದಾರಿ

ಸಲೂನಿನ ಷಟರ್ ಅರ್ಧ ಇಳಿದಿತ್ತು, ಒಳಗೆ ವಾದ ಪೂರ್ತಿ ಏರಿತ್ತು. ಗುಡ್ಡ ಸುತ್ತುವ ಗುಂಪಿನವರೆಲ್ಲ ಬೆಂಚಿನ ಮೇಲೆ ಒತ್ತಿಕೊಂಡು ಕೂತಿದ್ದರು. ಸಲೂನಿನ ಯಜಮಾನನ ಅಕ್ಕನ ಮಗಳು, ಪ್ರೆಸ್ಸಿನಲ್ಲಿ ಕೆಲಸ ಮಾಡುವವಳು, ತಾನೇ ಅಚ್ಚು ಹಾಕಿದ ಪೋಸ್ಟರನ್ನು ಎದೆಗವಚಿಕೊಂಡು ನಿಂತಿದ್ದಳು.

ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ತುಂಡಾಗಿ ಬಿದ್ದಿದ್ದ ಕಾಲುದಾರಿಗಳನ್ನು ಹುಡುಕಿ, ಪೊದೆ ಸವರಿ, ಗಂಟು ಹಾಕಿ, ಕಣಿವೆಯಿಂದ ಸಮುದ್ರದವರೆಗೆ ಒಂದೇ ದಾರಿ ಮಾಡಲು ಎಲ್ಲರೂ ಬೆವರು ಸುರಿಸಿದ್ದರು. ಆದರೆ ಕನಸು ಅವಳದು. ಗುರುತು ಪರಿಚಯ ಇಲ್ಲದ ಯಾರಾದರೂ ಒಬ್ಬರು ಅದರ ತುದಿ ಮುಟ್ಟಿ ಬಂದು ‘ಮುಗಿಸಿದೆ’ ಅನ್ನಬೇಕು. ಅವಳಿಗೆ ಬೇಕಿದ್ದುದು ಅಷ್ಟೇ. ಅದಕ್ಕೆ ಅಡ್ಡಗಾಲು ಹಾಕಿದವನು ಸ್ವಂತ ಸೋದರಮಾವ.

"ಪೋಸ್ಟರ್ ಅಂಟಿಸಿದ್ರೆ ಸಂತೆ ನೆರೆಯುತ್ತೆ ಕಣೆ. ಹಾದೀನ ಹಾದಿರಂಪ ಮಾಡ್ಬೇಡ."

"ಯಾರೂ ನಡೀದಿದ್ರೆ ಮುಂದಿನ ಮಳೇಗೆ ಪೊದೆ ಮುಚ್ಕೊಳುತ್ತೆ ಮಾವ. ಆಮೇಲೆ ನಾವೇ ಹುಡುಕ್ಬೇಕು."

ಯಾವಾಗಲೂ ಎಲ್ಲರ ಹಿಂದೆ ನಡೆಯುವುದರಿಂದ ಬಾಲಣ್ಣ ಎನ್ನಿಸಿಕೊಂಡ ಹಿರಿಯರು ಇಬ್ಬರಿಗೂ ತಲೆಯಾಡಿಸಿ, ಇದೊಳ್ಳೆ ಅತ್ತ ದರಿ ಇತ್ತ ಪುಲಿ ಆಯಿತಲ್ಲ ಎಂದರು. ಗುಡ್ಡದ ಮೇಲೆ ಒಬ್ಬರ ಕಾಲು ನಿಂತರೆ ಎಲ್ಲರೂ ನಿಲ್ಲುವುದು ಈ ಗುಂಪಿನ ಪದ್ಧತಿ, ಸಭೆಗೂ ಅದೇ ಲೆಕ್ಕ. ಮಾವನ ಒಂದು ‘ಬೇಡ’ ಸಾಕಿತ್ತು. ಅವಳು ಪೋಸ್ಟರನ್ನು ಸುರುಳಿ ಸುತ್ತತೊಡಗಿದಳು.

ಅಷ್ಟರಲ್ಲಿ ಬಸ್ ಡ್ರೈವರೊಬ್ಬ ಷಟರಿನಡಿ ಬಗ್ಗಿ ಬಂದು, ಬೆಳಿಗ್ಗೆ ಬೇಗ ಡ್ಯೂಟಿ, ಒಂದು ಕಟಿಂಗ್ ಮಾಡಿಬಿಡಿ ಎಂದ. ಬಂದ ಗಿರಾಕಿಯನ್ನು ಮಾವ ಯಾವತ್ತೂ ವಾಪಸ್ ಕಳಿಸಿದವನಲ್ಲ. ಬಟ್ಟೆ ಹೊದಿಸಿ ಕತ್ತರಿ ಹಿಡಿದ. ಏನು ಜಗಳ ಎಂದು ಡ್ರೈವರ್ ಕೇಳಿದ್ದೇ ತಡ, ಮಾವ ಈ ದಾರಿಯ ವಿಷಯ ಯಾಕೆ ಹೊರಗೆ ಬೀಳಬಾರದು ಅಂತ ವಿವರಿಸಲು ಹೊರಟ. ಬಂಡೆಯ ಹಿಂದಿನ ತಣ್ಣನೆಯ ಒರತೆ, ಮಂಜು ಕಾಲಡಿಗೆ ಇಳಿಯುವ ದಿಬ್ಬ, ಕೊನೆಯ ತಿರುವಿನಲ್ಲಿ ಸಮುದ್ರ ಕಾಣುವ ಮೊದಲೇ ಮೂಗಿಗೆ ಬಡಿಯುವ ಉಪ್ಪಿನ ವಾಸನೆ, ಎಲ್ಲ ಒಂದೊಂದಾಗಿ ಬಂದವು. ಕತ್ತರಿ ಗಾಳಿಯಲ್ಲೇ ನಿಂತಿತ್ತು.

"ಇದು ಎಲ್ಲಿಂದ ಶುರು ಆಗುತ್ತೆ ಅಂದ್ರಿ?" ಡ್ರೈವರ್ ಕೇಳಿದ. "ರಜೆ ಬಾಕಿ ಇದೆ ನಂಗೆ."

ಬೆಂಚು ಅಲುಗಾಡುವಷ್ಟು ನಗು. ಮಾವ ತಲೆಯೆತ್ತಿದರೆ ಕನ್ನಡಿ ತುಂಬ ಹಲ್ಲುಗಳು. ತನ್ನವೂ ಅದರಲ್ಲಿದ್ದವು.

ಆಮೇಲೆ ಅವನೇ ಒಂದು ಷರತ್ತು ಹಾಕಿದ. ಬೀದಿಯಲ್ಲೆಲ್ಲೂ ಪೋಸ್ಟರ್ ಬೇಡ, ಕುರ್ಚಿಯ ಹಿಂದಿನ ಗೋಡೆಗೆ ಮಾತ್ರ. ಕೂತವರು ಓದಲಿ, ಹೇಗೆ ನಡೆಯಬೇಕು ಅನ್ನುವುದನ್ನು ತಾನು ಹೇಳಿಯೇ ಕಳಿಸುತ್ತೇನೆ ಎಂದ.

"ಕಟಿಂಗ್ ಬೇಡ ಅನ್ನೋರು?" ಅಂದಳು ಅವಳು.

"ಸುಮ್ನೆ ಕೂತು ಓದ್ಕೊಂಡು ಹೋಗ್ಲಿ. ಕುರ್ಚಿ ಏನು ಸವೆಯುತ್ತಾ?"

ಮರುದಿನವೇ ಅವಳು ಪೋಸ್ಟರನ್ನು ಎಡಬಲ ತಿರುಗಿಸಿ ಅಚ್ಚು ಹಾಕಿದಳು. ಬಾಗಿಲಲ್ಲಿ ನಿಂತವರಿಗೆ ಅದು ಬರೀ ಉಲ್ಟಾ ಗೀಚು. ಕುರ್ಚಿಯಲ್ಲಿ ಕೂತರೆ ಮಾತ್ರ ಕನ್ನಡಿಯೊಳಗೆ ಅಕ್ಷರ ನೆಟ್ಟಗಾಗಿ ದಾರಿ ಬಿಚ್ಚಿಕೊಳ್ಳುತ್ತಿತ್ತು.

ಮಳೆಗೆ ಮುಂಚೆ ಒಂದು ಮಧ್ಯಾಹ್ನ ಮಾವನ ಫೋನ್ ಬಂತು. "ಬೇಗ ಓಡಿ ಬಾ. ಎದ್ದು ಹೋಗ್ದಿರ್ಲಿ ಅಂತ ಮುಖಕ್ಕೆಲ್ಲ ಸೋಪು ಬಳಿದು ಕೂರಿಸಿದ್ದೀನಿ."

ಮಸಿ ಕೈಯಲ್ಲೇ ಓಡಿದಳು. ಬಿಸಿಲಿಗೆ ಕಪ್ಪಾದ ಡ್ರೈವರ್, ಧೂಳು ತುಂಬಿದ ಬೂಟುಗಳನ್ನು ಮುಂದೆ ಚಾಚಿ, ನೊರೆಯ ನಡುವಿಂದ ಕನ್ನಡಿಯಲ್ಲೇ ಅವಳನ್ನು ನೋಡಿ ನಕ್ಕ.

"ಮುಗಿಸ್ದೆ ಕಣಮ್ಮ."