ನೆತ್ತರು ಕಾಣದ ಪೆಟ್ಟು

ಹಂಪಿಯಲ್ಲಿ ಗೈಡ್ ಕೆಲಸ ಮಾಡುವವರಿಗೆ ಒಂದು ಅಭ್ಯಾಸವಿದೆ. ಬಂದ ಜನರ ಮುಖ ನೋಡುತ್ತಾ, ಹಿಂದಕ್ಕೆ ಹೆಜ್ಜೆ ಇಡುತ್ತಾ ಕಥೆ ಹೇಳುತ್ತಾರೆ. ದಾರಿ ಕಾಲಿಗೇ ಗೊತ್ತಿರುತ್ತದೆ. ತೋಟಪ್ಪ ಜೀವಮಾನವೆಲ್ಲ ಹೀಗೇ ನಡೆದವನು. ಮೊಣಕಾಲು ಕೈಕೊಟ್ಟ ಮೇಲೆ ಮನೆ ಮುಂದೆ ಸಣ್ಣ ಅಂಗಡಿ ಇಟ್ಟು ಕೂತ. ಕೆಲಸವನ್ನು ಮಗ ಈಶ್ವರನಿಗೆ ಬಿಟ್ಟ. ಆದರೆ ಮೇಷ್ಟ್ರಗಿರಿ ಬಿಡಲಿಲ್ಲ. ದಿನಾ ಬೆಳಿಗ್ಗೆ ಚಹಾ ಆರುವುದರೊಳಗೆ ಮಗ ಅಪ್ಪನ ಮುಂದೆ ಹಂಪಿಯ ಕಥೆಯನ್ನು ತಪ್ಪಿಲ್ಲದೆ ಒಪ್ಪಿಸಬೇಕು. ಅದು ಆ ಮನೆಯ ಪದ್ಧತಿ. ಮಗನ ಬಾಯಲ್ಲಿ ತನ್ನ ಮಾತು ಕೇಳುವುದೇ ತೋಟಪ್ಪನಿಗೆ ದಿನದ ಸುಖ.

ದೀಪಾವಳಿ ರಜೆಯ ಜನಜಂಗುಳಿಯಲ್ಲಿ ಈಶ್ವರ ಹೇಮಕೂಟ ಗುಡ್ಡದ ಮೇಲೆ ಹಾಗೆ ಹಿಂದಕ್ಕೆ ನಡೆಯುತ್ತಲೇ ಮೆಟ್ಟಿಲು ತಪ್ಪಿ ಬಿದ್ದ. ಹಿಂದಲೆ ಬಂಡೆಗೆ ಬಡಿಯಿತು. ಕಣ್ಣು ಕತ್ತಲಿಟ್ಟಿತು. ನೆತ್ತರು ಬರಲಿಲ್ಲವಲ್ಲ, ಎದ್ದು ಬಟ್ಟೆ ಝಾಡಿಸಿಕೊಂಡು ಉಳಿದ ಕಥೆ ಮುಗಿಸಿಯೇ ಮನೆಗೆ ಬಂದ. ಸಂಜೆ ವಾಂತಿಯಾದಾಗ ಹೊಸಪೇಟೆಯ ಆಸ್ಪತ್ರೆಗೆ ಕರೆದೊಯ್ದರು. ಸ್ಕ್ಯಾನ್ ಆಯಿತು. "ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಆದರೂ ತಲೆಗೆ ಪೆಟ್ಟು ಬಿದ್ದಿದೆ, ವಿಶ್ರಾಂತಿ ಕೊಡಿ, ಮತ್ತೆ ತೋರಿಸಿ" ಎಂದರು ಡಾಕ್ಟರಮ್ಮ. ತೋಟಪ್ಪನ ಕಿವಿಗೆ ಮೊದಲ ಮಾತೊಂದೇ ಬಿತ್ತು.

ಮರುದಿನದಿಂದಲೇ ಚಹಾ, ಕಥೆ ಶುರು. ಈಶ್ವರ ತಡವರಿಸಿದ. ಹೇಮಕೂಟದ ಎರಡು ಕಲ್ಲು ಗಣಪರಲ್ಲಿ ಸಾಸಿವೆಕಾಳು ಗಣಪನ ಜಾಗದಲ್ಲಿ ಕಡಲೆಕಾಳು ಗಣಪನನ್ನು ತಂದು ಕೂರಿಸಿದ. ನಡುವೆ ಮಾತು ನಿಂತೇಹೋಯಿತು.

"ಮೊದಲಿಂದ ಹೇಳು" ಎಂದ ತೋಟಪ್ಪ.

ದಿನ ಕಳೆದಂತೆ ತಪ್ಪು ಹೆಚ್ಚಾದವು. ತಪ್ಪು ಹೆಚ್ಚಾದಷ್ಟೂ ತೋಟಪ್ಪ ಹೆಚ್ಚು ಹೇಳಿಸಿದ. ತುಕ್ಕು ಹಿಡಿದ ಬುದ್ಧಿಯನ್ನು ತಿಕ್ಕಿದರೆ ಹೊಳೆಯುತ್ತದೆ ಎಂದು ಅವನ ಲೆಕ್ಕ. ಈಶ್ವರ ಎರಡೂ ಕೈಯಲ್ಲಿ ಹಣೆ ಒತ್ತಿಕೊಳ್ಳುತ್ತಿದ್ದ. ಮಿಕ್ಸಿ ಸದ್ದಿಗೆ ರೇಗುತ್ತಿದ್ದ, ನಿದ್ದೆಗೆಟ್ಟು ಸೊರಗಿದ್ದ. ಕೆಲಸದ ಹೊತ್ತಲ್ಲಿ ಅವನು ಕಡಲೆಕಾಳು ಗಣಪನ ಗುಡಿಯ ಕತ್ತಲಲ್ಲಿ ಸುಮ್ಮನೆ ಕೂತಿರುತ್ತಾನೆ ಎಂಬ ಸುದ್ದಿಯೂ ಅಂಗಡಿಗೆ ಬಂತು.

"ಯಾಕಲೇ, ಕತ್ತಲಾಗ ಕುಂತಿರ್ತೀಯಂತ?"

"ಬಿಸಿಲಾಗ ಬಂಡೆಗಲ್ಲು ನೋಡಿದ್ರ ಕಣ್ಣಿಗೆ ಚುಚ್ಚತೈತಪ್ಪಾ. ತಲಿ ಸಿಡೀತೈತಿ."

"ಹಂಪ್ಯಾಗ ಹುಟ್ಟಿದವಗ ಬಿಸಿಲು ಹೊಸದೇನು? ಮೈಗಳ್ಳತನ ಅದು."

ಈಶ್ವರನ ತಾಯಿ ಸುವರ್ಣಮ್ಮ ಒಳಗಿನಿಂದ ಬಂದಳು. "ಹುಡುಗ ಮೊದಲಿನಂಗಿಲ್ಲ. ಇನ್ನೊಮ್ಮೆ ಡಾಕ್ಟ್ರಿಗೆ ತೋರಸೋಣ್ರಿ."

"ಮಷಿನ್‌ನಾಗ ನೋಡಿ ಏನೂ ಇಲ್ಲ ಅಂದಾರ. ನೀ ಸುಮ್ನಿರು. ನಾಡಿದ್ದು ಹೊರಗಿನ ಮಂದಿ ಬರ್ತಾರ, ಮಾತಂಗ ಗುಡ್ಡ ಹತ್ತಸ್ತೀವಿ ಅಂತ ಮಾತು ಕೊಟ್ಟೀನಿ."

ಮಾತು ಕೊಟ್ಟವನು ತೋಟಪ್ಪ, ಹತ್ತಬೇಕಾದವನು ಈಶ್ವರ.

ಮರುದಿನ ಮಧ್ಯಾಹ್ನ ಹುಲಿಗೇಶ್ ಈಶ್ವರನ ತೋಳು ಹಿಡಿದು ಮನೆಗೆ ಕರೆತಂದ. ಹುಲಿಗೇಶ್ ಪಕ್ಕದಲ್ಲೇ ಬಾಡಿಗೆ ಸೈಕಲ್ ಅಂಗಡಿ ಇಟ್ಟವನು, ಮೊದಲು ಲಾರಿ ಓಡಿಸುತ್ತಿದ್ದ.

"ಹೇಮಕೂಟದ ಮೆಟ್ಲ ಮ್ಯಾಲ ಕುಂತಿದ್ದ, ಕಾಕಾ. ಸಂಗಡ ಇದ್ದ ಮಂದಿ ಹೋಗಿಬಿಟ್ಟಾರ. ಮನಿಗೆ ಹೆಂಗ ಹೋಗೋದು ಅಂತ ನನ್ನ ಕೇಳಿದ."

ತೋಟಪ್ಪನಿಗೆ ತಕ್ಷಣ ಅರ್ಥವಾಗಲಿಲ್ಲ. ಆ ಮೆಟ್ಟಿಲಿನಿಂದ ಮನೆಯ ಮಾಡು ಕಾಣುತ್ತದೆ. ಅಂಥ ಜಾಗದಲ್ಲಿ ಕೂತು ತನ್ನ ಮಗ ದಾರಿ ಕೇಳಿದನೇ? ಆದರೂ ಹಟ ಬಿಡದೆ, "ಸ್ಕ್ಯಾನ್ ಚಲೋ ಐತೆಪ್ಪಾ" ಎಂದ.

"ನಂದೂ ಚಲೋ ಇತ್ತು" ಎಂದ ಹುಲಿಗೇಶ್. ಸುವರ್ಣಮ್ಮ ಮಗನನ್ನು ಮಲಗಿಸಲು ಒಳಗೆ ಕರೆದೊಯ್ದಳು. ಹುಲಿಗೇಶ್ ಮಾತು ಮುಂದುವರಿಸಿದ. "ಮರಿಯಮ್ಮನಹಳ್ಳಿ ಹತ್ರ ಬೈಕಿಂದ ಬಿದ್ದಿದ್ನಲ್ಲ, ನೆನಪೈತಾ? ಹೆಲ್ಮೆಟ್ ಇರಲಿಲ್ಲ. ನೆತ್ರ ಬರಲಿಲ್ಲ, ಏನೂ ಆಗಿಲ್ಲ ಅಂದ್ಕಂಡೆ. ಜಲ್ದಿ ಲಾರಿ ಹತ್ತಿದೆ. ತಲಿ ತಿರಗ್ತಿತ್ತು, ಗುಳಿಗಿ ನುಂಗಿ ಓಡಿಸ್ದೆ. ಒಂದಿನ ಲಾರಿ ಇಳಿಯೋ ಮುಂದ ತಲಿ ತಿರುಗಿ ಬಿದ್ದೆ, ಅದೇ ತಲಿಗೆ ಮತ್ತೆ ಪೆಟ್ಟು. ಬದುಕಿ ಬಂದಿದ್ದೇ ಭಾಳ. ಇವತ್ತಿಗೂ ಮಗಳನ್ನ ಕರೀಬೇಕಂದ್ರ ತಂಗಿ ಹೆಸರು ಬಾಯಿಗೆ ಬರ್ತೈತಿ."

ಹುಲಿಗೇಶ್ ತೋಟಪ್ಪನ ಮೊಣಕಾಲಿನ ಕಡೆ ಕೈ ತೋರಿಸಿದ.

"ಮಷಿನ್‌ನಾಗ ಮುರಿದಿದ್ದು ಕಾಣ್ತೈತಿ, ಒಳಗ ನೆತ್ರ ಸೋರಿದ್ದು ಕಾಣ್ತೈತಿ. ಮಿದುಳು ಅಲುಗಾಡಿದ್ದು ಕಾಣಲ್ಲ, ಕಾಕಾ. ನಿಮ್ಮ ಮೊಣಕಾಲು ಊದಿದ್ದು ಎಲ್ಲಾರಿಗೂ ಕಾಣ್ತೈತಿ, ಅದಕ್ಕ ನಿಮಗ ಗುಡ್ಡ ಹತ್ರಿ ಅಂತ ಯಾರೂ ಅನ್ನಲ್ಲ. ಇವನ ನೋವು ಹೊರಗ ಕಾಣಲ್ಲ, ಅಷ್ಟೇ ಫರಕು. ನಾಳೆ ಮಾತಂಗದ ಮ್ಯಾಲ ಇವನಿಗೆ ತಲಿ ತಿರುಗಿದ್ರ ಯಾರು ಹಿಡೀತಾರ?"

ತೋಟಪ್ಪ ಫೋನ್ ತೆಗೆದು ಇನ್ನೊಬ್ಬ ಗೈಡ್ ಹಾಲೇಶನಿಗೆ ಹಚ್ಚಿದ. ನಾಳೆಯ ಮಂದಿಯನ್ನು ನೀನೇ ಕರೆದುಕೊಂಡು ಹೋಗು ಎಂದ. ಆಮೇಲೆ ಒಳಗೆ ಹೋಗಿ, ಮಗನ ಕಣ್ಣಿಗೆ ಬೀಳುತ್ತಿದ್ದ ಬಿಸಿಲಿಗೆ ಕಿಟಕಿ ಮುಚ್ಚಿದ.

ಮರುದಿನ ಹೊಸಪೇಟೆಯಲ್ಲಿ ಡಾಕ್ಟರಮ್ಮನ ಮುಂದೆ ಅವನು ತಲೆ ತಗ್ಗಿಸಿ ಕೂತ. "ದಿನಾ ಮುಂಜಾನೆ ಕಥಿ ಹೇಳಸ್ತಿದ್ದೆ, ಮೇಡಂ. ಮರೀಬಾರದು ಅಂತ. ತಪ್ಪಾತೇನ್ರಿ?"

"ಗೊತ್ತಿಲ್ಲದೆ ಮಾಡಿದ್ದೀರಿ. ಇನ್ನು ಬೇಡ" ಎಂದರು ಅವರು. ಈಶ್ವರನ ಕಣ್ಣು, ನಡಿಗೆ, ಕುತ್ತಿಗೆ ಎಲ್ಲ ಪರೀಕ್ಷಿಸಿದರು. "ಬಹಳ ಜನರಿಗೆ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ. ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಹಾಗಂತ ದಿನವಿಡೀ ಕತ್ತಲಲ್ಲಿ ಮಲಗಿಸಬೇಡಿ. ತಂಪು ಹೊತ್ತಲ್ಲಿ ಸ್ವಲ್ಪ ನಡೆಯಲಿ. ತಲೆನೋವು ಜಾಸ್ತಿಯಾದರೆ ಕೂರಲಿ. ಒಳ್ಳೆಯ ನಿದ್ದೆ ಬೇಕು, ಮೊಬೈಲ್ ಕಡಿಮೆ, ಹೆಂಡ ಬೇಡವೇ ಬೇಡ. ನಾನು ಹೇಳುವ ತನಕ ಗುಡ್ಡ, ಬೈಕು ಎರಡೂ ಬೇಡ. ತಲೆಗೆ ಇನ್ನೊಂದು ಪೆಟ್ಟು ಬೀಳಬಾರದು. ನೋವಿನ ಗುಳಿಗೆಯನ್ನು ನೀವೇ ತಂದು ದಿನಾ ನುಂಗಿಸಬೇಡಿ."

ಆಮೇಲೆ ಆ ಮನೆಯ ಬೆಳಗು ಬರೀ ಚಹಾ ಕುಡಿಯುವ ಬೆಳಗಾಯಿತು. ತೋಟಪ್ಪನಿಗೆ ಅದು ಸುಲಭವಿರಲಿಲ್ಲ. ಮಗನ ಧ್ವನಿ ಇಲ್ಲದ ಆ ಹೊತ್ತು ಅವನನ್ನು ಹಿಂಡುತ್ತಿತ್ತು. ಒಂದು ದಿನ ಚಲೋ ಇದ್ದರೆ ಮರುದಿನ ಈಶ್ವರ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. "ನಾನು ಹಿಂಗೇ ಉಳೀತೀನೇನಪ್ಪಾ?" ಎಂದು ಒಮ್ಮೆ ಅತ್ತುಬಿಟ್ಟ. ತೋಟಪ್ಪ ಅವನ ಬೆನ್ನು ಸವರುತ್ತಾ ಕೂತ. ಹೇಳಿದ ದಿನಕ್ಕೆ ತಪ್ಪದೆ ಡಾಕ್ಟರಮ್ಮನ ಬಳಿ ಕರೆದೊಯ್ದ. ಸಂಜೆ ಬಾಳೆತೋಟದ ದಾರಿಯಲ್ಲಿ ಕುಂಟುತ್ತಾ ಮಗನ ಜೊತೆ ನಡೆದ. ಆ ನಡಿಗೆ ನಿಧಾನವಾಗಿ ಉದ್ದವಾಯಿತು. ಮಿಕ್ಸಿ ಸದ್ದಿಗೆ ಈಶ್ವರ ರೇಗುವುದು ಕಡಿಮೆಯಾಯಿತು.

ಯುಗಾದಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಈಶ್ವರ ಚಹಾ ಕೆಳಗಿಟ್ಟು ತಾನಾಗಿಯೇ ಕಥೆ ಶುರು ಮಾಡಿದ. ಸುವರ್ಣಮ್ಮ ಬಾಗಿಲಲ್ಲೇ ನಿಂತಳು. ಕಥೆಯಲ್ಲೇ ವಿರೂಪಾಕ್ಷನ ಗೋಪುರ ದಾಟಿದ, ಹೇಮಕೂಟ ಹತ್ತಿದ, ಗಣಪನ ಮುಂದೆ ಬಂದು ನಿಂತ. ಹೆಸರು ಬರಲಿಲ್ಲ. ಹಣೆ ಗಂಟಿಕ್ಕಿತು. ತೋಟಪ್ಪನ ನಾಲಿಗೆ ತುದಿಯಲ್ಲಿ ಹೆಸರು ಸಿದ್ಧವಾಗಿತ್ತು. ಅವನು ಅದನ್ನು ನುಂಗಿ, ಮಗನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದ.

"ಇವತ್ತಿಗೆ ಇಷ್ಟು ಸಾಕಪ್ಪ. ಕಲ್ಲಿನ ಗಣಪ, ಎಲ್ಲೂ ಎದ್ದು ಹೋಗಲ್ಲ. ನಿಧಾನಕ ಬಾ."

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ತೋಟದಲ್ಲೋ ಗಣಿಯಲ್ಲೋ ಬೈಕಿನಿಂದಲೋ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿರಬಹುದು. ನೆತ್ತರು ಬರಲಿಲ್ಲ ಎಂದು ಸುಮ್ಮನಾಗಬೇಡಿ. ಪದೇ ಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ತೊದಲು ಮಾತು, ಕೈಕಾಲಿನಲ್ಲಿ ಬಲವಿಲ್ಲದಿರುವುದು, ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ೧೦೮ಕ್ಕೆ ಕರೆ ಮಾಡಿ. ವಾರಗಳಾದರೂ ತಲೆ ತಿರುಗುತ್ತದೆ, ಬೆಳಕು ಚುಚ್ಚುತ್ತದೆ, ಮರೆವು ಕಾಡುತ್ತದೆ ಎಂದರೆ ಮತ್ತೆ ಡಾಕ್ಟರಿಗೆ ತೋರಿಸಿ. ಮೈಗಳ್ಳ ಎಂದು ಮಾತ್ರ ಅನ್ನಬೇಡಿ. ತೋಟಪ್ಪ ಒಂದು ಹೆಸರನ್ನು ನುಂಗಿಕೊಂಡನಲ್ಲ, ನೀವೂ ಆ ಮಾತನ್ನು ನುಂಗಿಕೊಳ್ಳಿ.