ಹಳ್ಳದ ಮೀನು, ಕೆರೆಯ ಮೀನು

ಮೂರನೆಯ ಸಲವೂ ಮೊಟ್ಟೆಗಳು ಬೆಳ್ಳಗಾಗಿದ್ದವು. ಸೊಸೆ ತೊಟ್ಟಿಯ ಮೇಲೆ ಬಗ್ಗಿ, ಸತ್ತ ಮೊಟ್ಟೆಗಳನ್ನು ಹಕ್ಕಿಯ ಗರಿಯಿಂದ ಬದಿಗೆ ಸರಿಸುತ್ತಿದ್ದಳು. ಮೀಸೆಮೀನಿನ ಮರಿ ಮಾಡಿ ಮಾರುವುದು ಆ ಮನೆಯ ಕಸುಬು. ಮೇಲಿನ ಹಳ್ಳದಲ್ಲಿ ಈ ಮೀನು ಈಗ ಕಾಣುವುದೇ ಅಪರೂಪ. ಅಲ್ಲಿಂದ ತಂದ ಹೆಣ್ಣುಗಳಲ್ಲಿ ಉಳಿದದ್ದು ಎರಡೇ. ಎರಡರ ಹೊಟ್ಟೆಯಲ್ಲೂ ಮೊಟ್ಟೆ ತುಂಬಿತ್ತು. ಮರಿ ಮಾಡಿಸಿ ಹಳ್ಳಕ್ಕೇ ಬಿಡಬೇಕೆಂದು ಅವಳ ಆಸೆ. ಮುಂದಿನ ಸಲವೂ ತಪ್ಪಿದರೆ ಮತ್ತೆ ಹೆಣ್ಣು ಸಿಗುವ ಭರವಸೆ ಇರಲಿಲ್ಲ.

"ಗಾಳಿ ಸಾಲ್ತಿಲ್ಲ, ಅಷ್ಟೇ" ಎಂದ ಗಂಡ. "ಇನ್ನೊಂದು ಪಂಪ್ ಹಾಕೋಣ. ಕೆರೆಯಿಂದ ಬೇರೆ ಗಂಡು ತರ್ತೀನಿ, ದಷ್ಟಪುಷ್ಟವಾಗಿರೋದನ್ನ."

"ಹೋದ ಸಲವೂ ಇದೇ ರಾಗ ಹಾಡಿದ್ದೆ" ಎಂದರು ಅತ್ತೆ.

ಅಷ್ಟರಲ್ಲಿ ಮೀನು ಪ್ರಯೋಗಾಲಯದ ಮೇಡಂ ಬಂದರು. ಹಿಂದಿನ ತಿಂಗಳು ಕೆರೆಯಿಂದಲೂ ಹಳ್ಳದಿಂದಲೂ ಕೆಲವು ಮೀನುಗಳನ್ನು ಪರೀಕ್ಷೆಗೆ ಒಯ್ದಿದ್ದವರು ಅವರೇ. ಮೀನು ಮುಟ್ಟುವ ಮುಂಚೆ ಎರಡೂ ಕೈ ಒದ್ದೆ ಮಾಡಿಕೊಂಡರು. ಒಣಗೈ ತಾಗಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಅದನ್ನು ನೋಡಿದ ಮೇಲೆ, ಇವರ ಮಾತು ಕೇಳಬಹುದು ಎಂದು ಸೊಸೆಗೆ ಅನಿಸಿತು.

"ಅಣ್ಣಾ, ನೀವು ಜೋಡಿ ಮಾಡಿರೋ ಹಳ್ಳದ ಹೆಣ್ಣು, ಕೆರೆಯ ಗಂಡು ಎರಡೂ ಬೇರೆ ಬೇರೆ ಪ್ರಭೇದ."

ಗಂಡ ನಕ್ಕುಬಿಟ್ಟ. "ಬಣ್ಣ, ಉದ್ದ, ಮೀಸೆ ಎಲ್ಲಾ ಒಂದೇ ಇದೆ ಮೇಡಂ. ಅಪ್ಪನ ಕಾಲದಿಂದ ನಾವು ಮೀಸೆ ನೋಡೇ ಜೋಡಿ ಮಾಡೋದು."

"ನಿಮ್ಮಪ್ಪಂಗೂ ಬಸ್ ಡ್ರೈವರ್‌ಗೂ ಒಂದೇ ಥರ ಮೀಸೆ ಇತ್ತು ಕಣೋ. ಅಷ್ಟಕ್ಕೇ ಅಣ್ಣತಮ್ಮಂದಿರಾಗ್ತಾರಾ?" ಎಂದರು ಅತ್ತೆ.

ಮೇಡಂ ನಗು ತಡೆದುಕೊಂಡು ಹೇಳಿದರು: "ಜೀವಕೋಶದೊಳಗೆ ವರ್ಣತಂತು ಅಂತ ಸಣ್ಣ ಎಳೆಗಳಿರ್ತವೆ. ಮರಿ ಹೇಗೆ ಬೆಳೀಬೇಕು ಅನ್ನೋದು ಅದರಲ್ಲೇ ಇರುತ್ತೆ. ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬರುತ್ತೆ. ನಾವು ನೋಡಿದ ಹಳ್ಳದ ಮೀನಲ್ಲಿ ಐವತ್ತೆರಡು, ಕೆರೆಯದರಲ್ಲಿ ಐವತ್ತೆಂಟು. ಎಣಿಕೆ ಒಂದನ್ನೇ ನಂಬಬಾರದು ಅಂತ ಜೀನ್ ಕೂಡ ನೋಡಿದ್ವಿ. ಅದೂ ಬೇರೆ. ಎರಡೂ ಹೊಂದದೇ ಇರೋದಕ್ಕೇ ಮೊಟ್ಟೆ ಸಾಯ್ತಿರೋದು."

"ಹಟಕ್ಕೆ ಬಿದ್ದು ಮಾಡಿದ್ರೆ ಮರಿ ಆಗೇ ಆಗಲ್ವಾ?" ಎಂದ ಗಂಡ.

"ಒಂದೊಂದ್ಸಲ ಆಗಬಹುದು. ಆದ್ರೆ ಇನ್ನೂ ಕಷ್ಟ. ಅವು ಹಳ್ಳ ಸೇರಿ ಬೆರೆತುಬಿಟ್ರೆ, ಅಲ್ಲಿನ ಅಸಲಿ ಮೀನೇ ಉಳಿಯಲ್ಲ. ಅಂಥದ್ದೊಂದು ಇತ್ತು ಅಂತ ಯಾರಿಗೂ ಗೊತ್ತಾಗೋ ಮುಂಚೆ ಹೋಗಿರುತ್ತೆ."

ಗಂಡ ಗೂಟದಲ್ಲಿದ್ದ ಬಲೆಯನ್ನು ಕೆಳಗಿಳಿಸಿದ. ಆಮೇಲೆ, "ಹಳ್ಳದ ಗಂಡು ಬೇಕಂದ್ರೆ ಅರ್ಧ ದಿನ ಕಲ್ಲು ಹತ್ತಬೇಕು" ಎಂದು ಗೊಣಗಿದ.

"ನಾನೂ ಬರ್ತೀನಿ ನಡೀರಿ" ಎಂದಳು ಸೊಸೆ.

ಎರಡು ದಿನ ನೀರಲ್ಲಿ ನಿಂತ ಮೇಲೆ ಎರಡು ಗಂಡು ಸಿಕ್ಕವು. ಮೊಟ್ಟೆ ಇಡಿಸಿದ ಮರುದಿನ ಬೆಳಿಗ್ಗೆ ಗಂಡ ತೊಟ್ಟಿಯ ಹತ್ತಿರದಿಂದ ಮೆಲ್ಲಗೆ ಕರೆದ. "ಬಾರೇ ಇಲ್ಲಿ. ಮೊಟ್ಟೆಯೊಳಗೆ ಬಾಲ ಅಲ್ಲಾಡ್ತಿದೆ, ನೋಡು."

"ಯಾಕೋ ಪಿಸುಗುಡ್ತೀಯಾ? ಮರಿಗಳೇನು ಮಲಗಿವೆಯಾ?" ಎಂದು ಅತ್ತೆ ಗದರಿದರು. ಗದರಿದ್ದೂ ಪಿಸುದನಿಯಲ್ಲೇ.

ಮೀನು ಸಾಕುವ ಅಕ್ಕಂದಿರೇ, ಅಣ್ಣಂದಿರೇ, ನೋಡಲು ಒಂದೇ ಎಂದು ಒಂದು ನೀರಿನ ಮೀನನ್ನು ಇನ್ನೊಂದು ನೀರಿಗೆ ಬಿಡಬೇಡಿ, ಬೆರೆಸಿ ಮರಿ ಮಾಡಿಸಬೇಡಿ. ಎಲ್ಲಿಂದ ತಂದದ್ದೆಂದು ತೊಟ್ಟಿಯ ಮೇಲೆ ಬರೆದಿಡಿ. ಅನುಮಾನ ಬಂದರೆ ಹತ್ತಿರದ ಮೀನುಗಾರಿಕೆ ಕಚೇರಿಯಲ್ಲಿ ಕೇಳಿ. ನಿಮ್ಮ ಹಳ್ಳದಲ್ಲಿರುವ ಮೀನು ಬೇರೆಲ್ಲೂ ಇಲ್ಲದಿರಬಹುದು.